ನಮ್ಮೂರಿನ ರೇಷನ್ ಅಂಗಡಿಗೆ ಐದರಲ್ಲಿ ನಾಲ್ಕೂವರೆ, ಗೋಡೆಯಲ್ಲಿ ಯಾರ ಫೋಟೋವೂ ಇಲ್ಲ ಅನ್ನುದಕ್ಕೂ ಸೇರಿಸಿ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರೋಡಿಂದ ಸ್ವಲ್ಪ ಒಳಗೆ ಬಂದ್ರೆ ಹಂಚಿನ ಮಾಡಿನ ಒಂದು ಉದ್ದ ಕೋಣೆ, ಎದುರು ಸಿಮೆಂಟಿನ ಜಗಲಿ, ಪಕ್ಕದಲ್ಲಿ ಅಡಿಕೆ ತೆಕ್ಕೊಳ್ಳುವವರ ಅಂಗಡಿ, ಇಷ್ಟೇ ನಮ್ಮ ರೇಷನ್ ಅಂಗಡಿ. ನಾನು ಅಮ್ಮನ ಸೆರಗು ಹಿಡ್ಕೊಂಡು ಚಿಮಿಣಿ ಎಣ್ಣೆ ಕ್ಯಾನಿನೊಟ್ಟಿಗೆ ಇಲ್ಲಿ ಕ್ಯೂ ನಿಂತದ್ದುಂಟು, ಈಗ ಅಮ್ಮನಿಗೆ ನಡೀಲಿಕ್ಕೆ ಕಷ್ಟ ಅಂತ ನಾನೇ ಹೋಗುದು. ನಮ್ಮದು ಪಿಂಕ್ ಕಾರ್ಡ್, ಅಂದ್ರೆ ಆದ್ಯತೆಯ ಬಡ ಮನೆಗಳಿಗೆ ಕೊಡುದು, ಮನೆಯಲ್ಲಿ ಐದು ಜನ. ಅಂಗಡಿಯವರ ಹೆಸರು ಹಾಕುದಿಲ್ಲ, ಇಲ್ಲಿಯವರಿಗೆ ಹೇಗೂ ಗೊತ್ತಾಗ್ತದೆ.

ಮೊದಲು ತೂಕದ ವಿಷಯ ಹೇಳ್ತೇನೆ ಯಾಕಂದ್ರೆ ರೇಷನ್ ಅಂಗಡಿ ಅಂದ್ರೆ ಎಲ್ಲರೂ ಮೊದಲು ಕೇಳುದು ಅದನ್ನೇ. ಇವರು ಖಾಲಿ ಚೀಲ ಇಟ್ಟು ಸೊನ್ನೆ ಮಾಡಿ ಆಮೇಲೆ ಅಕ್ಕಿ ಸುರಿತಾರೆ, ನಾನು ಎರಡು ಸಲ ಪಕ್ಕದ ಅಡಿಕೆ ತೂಕದ ಮೆಷಿನಲ್ಲಿ ಪುನಃ ತೂಗಿಸಿ ನೋಡಿದ್ದೇನೆ, ನೂರು ಗ್ರಾಂ ಸಹ ವ್ಯತ್ಯಾಸ ಇರ್ಲಿಲ್ಲ. ಗೋಡೆಯ ಕಪ್ಪು ಹಲಗೆಯಲ್ಲಿ ಯಾವ ಕಾರ್ಡಿಗೆ ಎಷ್ಟು, ಸ್ಟಾಕ್ ಎಷ್ಟುಂಟು ಅಂತ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಚಾಕಲ್ಲಿ ಬರೆದಿರ್ತಾರೆ. ಮೊಬೈಲಿಗೆ ಬರುವ ಮೆಸೇಜು, ಬಿಲ್ಲು ಯಾವುದರಲ್ಲೂ ಕನ್ನಡ ಇಲ್ಲ, ಓದ್ಲಿಕ್ಕೆ ಬಾರದ ಹೆಂಗಸರಿಗೆ ಇವರೇ ಓದಿ ಹೇಳುದು, ಬೇಜಾರಿಲ್ಲದೆ ಹೇಳ್ತಾರೆ. ಹಲಗೆಯ ಮೇಲಿನ ಆ ನಾಲ್ಕು ಸಾಲು ಕನ್ನಡಕ್ಕೆ ಅರ್ಧ ಸ್ಟಾರು ಹೆಚ್ಚೇ ಕೊಡ್ಬೇಕು.

ಇನ್ನು ಅಕ್ಕಿ. ನಮ್ಮ ಕಡೆ ಅಂಗಡಿಗೆ ಹೋದವರು ಕೇಳುವ ಮೊದಲ ಮಾತು "ಕುಚ್ಚಿಲು ಉಂಟಾ?" ಅಂತ, ಅಂದ್ರೆ ಬೇಯಿಸಿ ಒಣಗಿಸಿದ ಭತ್ತದ ಅಕ್ಕಿ. ಬೆಳ್ತಿಗೆ, ಅಂದ್ರೆ ಬೇಯಿಸದ ಬಿಳಿ ಅಕ್ಕಿ, ನೀರುದೋಸೆಗೆ, ಪುಂಡಿಗೆ ಆಯ್ತು, ಆದ್ರೆ ರಾತ್ರಿ ಗಂಜಿಗೆ, ಮಧ್ಯಾಹ್ನದ ಊಟಕ್ಕೆ ಕುಚ್ಚಿಲೇ ಆಗ್ಬೇಕು, ಬೆಳ್ತಿಗೆಯ ಗಂಜಿ ಉಂಡ್ರೆ ಎರಡು ಗಂಟೆಗೆ ಪುನಃ ಹಸಿವು ಅಂತ ಅಮ್ಮ ಹೇಳುದು. ಕೆಲವು ತಿಂಗಳು ಕುಚ್ಚಿಲು ಚೆನ್ನಾಗಿ ಬರ್ತದೆ, ಕೆಲವು ತಿಂಗಳು ಬೆಳ್ತಿಗೆಯೇ ಜಾಸ್ತಿ. ಅದು ಗೋಡೌನಿಂದ ಬಂದ ಹಾಗೆ, ಅಂಗಡಿಯವರ ಕೈಯಲ್ಲಿಲ್ಲ. ಒಂದು ವಿಷಯ ಹೊಸಬರಿಗೆ ಹೇಳ್ತೇನೆ, ಅಕ್ಕಿ ತೊಳಿಯುವಾಗ ಒಂದೆರಡು ಬಿಳಿ ಕಾಳು ಮೇಲೆ ತೇಲಿದ್ರೆ ಅದು ಪ್ಲಾಸ್ಟಿಕ್ ಅಲ್ಲ, ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿದ ಕಾಳು, ನೂರು ಕಾಳಿಗೆ ಒಂದರ ಹಾಗೆ ಬೆರೆಸ್ತಿದ್ದದ್ದು. ನಮ್ಮ ನೆರೆಮನೆ ಅಕ್ಕ ಅದನ್ನು ಆರಿಸಿ ಬಿಸಾಡ್ತಿದ್ರು, ಅಂಗಡಿಯವರು ಜಗಲಿಯಲ್ಲಿ ಕೂತ್ಕೊಳ್ಳಿಸಿ ವಿವರಿಸಿದ ಮೇಲೆ ಬಿಟ್ರು. ಇಂಥ ಮಾತು ಜನರಿಗೆ ಹೇಳ್ಲಿಕ್ಕೆ ಸರಕಾರದ ಹತ್ರ ಬ್ಯಾನರ್ ಇಲ್ಲ, ಫೋಟೋಕ್ಕೆ ಮಾತ್ರ ಬ್ಯಾನರ್ ಉಂಟು, ನನಗೆ ಸಿಟ್ಟು ಬರುದು ಅಲ್ಲಿಯೇ.

ಫೋಟೋ ವಿಷಯ ಗೊತ್ತಿಲ್ಲದವರಿಗೆ ಹೇಳ್ತೇನೆ. 2022 ಸೆಪ್ಟೆಂಬರಲ್ಲಿ ತೆಲಂಗಾಣದ ಕಾಮಾರೆಡ್ಡಿ ಜಿಲ್ಲೆಯ ಒಂದು ರೇಷನ್ ಅಂಗಡಿಗೆ ಹೋದ ಕೇಂದ್ರ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಇಲ್ಲಿ ಪ್ರಧಾನಿಯ ಫೋಟೋ ಯಾಕಿಲ್ಲ ಅಂತ ಎಲ್ಲರ ಎದುರು ಕಲೆಕ್ಟರರನ್ನು ತರಾಟೆಗೆ ತೆಕ್ಕೊಂಡ್ರು. ಆಮೇಲೆ 2024ರ ಲೋಕಸಭಾ ಚುನಾವಣೆ ಹತ್ರ ಬರುವಾಗ ರೇಷನ್ ಅಂಗಡಿಗಳಲ್ಲಿ ಪ್ರಧಾನಿಯ ಬ್ಯಾನರ್ ಹಾಕ್ಬೇಕು, ಕೆಲವು ಕಡೆ ಸೆಲ್ಫಿ ಪಾಯಿಂಟ್ ಇಡ್ಬೇಕು ಅಂತ ಕೇಂದ್ರದಿಂದ ಸೂಚನೆ ಬಂತು. ಕೇರಳದಲ್ಲಿ ಸುಮಾರು ಹದಿನಾಲ್ಕು ಸಾವಿರ ರೇಷನ್ ಅಂಗಡಿ ಉಂಟು. ಇದು ಚುನಾವಣಾ ಪ್ರಚಾರ, ಇಲ್ಲಿ ಜಾರಿ ಮಾಡ್ಲಿಕ್ಕೆ ಕಷ್ಟ ಅಂತ 2024 ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ವಿಧಾನಸಭೆಯಲ್ಲಿ ಹೇಳಿದ್ರು. ನಮ್ಮ ಅಂಗಡಿಯ ಗೋಡೆಯಲ್ಲಿ ಇವತ್ತಿಗೂ ಹಲಗೆ, ಒಂದು ಕ್ಯಾಲೆಂಡರು, ದೂರು ಕೊಡ್ಲಿಕ್ಕೆ ಫೋನ್ ನಂಬ್ರ, ಅಷ್ಟೇ ಇರುದು, ಮುಖ್ಯಮಂತ್ರಿಯದ್ದೂ ಇಲ್ಲ ಪ್ರಧಾನಿಯದ್ದೂ ಇಲ್ಲ.

ನಾನು ಎಡಪಕ್ಷಕ್ಕೆ ಓಟು ಹಾಕುವವಳು, ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು, ಅವರೂ ಹಾಗೆಯೇ. ನಮ್ಮ ಭಾವ ಆಚೆ ಪಕ್ಷದವರು, ಒಳ್ಳೆ ಮನುಷ್ಯ, ಮೊನ್ನೆ ಇದೇ ಜಗಲಿಯಲ್ಲಿ ಕೇಳಿದ್ರು, "ಅಕ್ಕಿ ಕೊಡುದು ಕೇಂದ್ರ, ಕೊಟ್ಟವರ ಒಂದು ಫೋಟೋ ಹಾಕಿದ್ರೆ ನಿಮಗೆ ಎಂತ ತೊಂದರೆ?" ಅಂತ. ಖರ್ಚಿನ ಹೆಚ್ಚಿನ ಪಾಲು ಕೇಂದ್ರದ್ದೇ, ಅದು ಹೌದು, ನಾನು ಇಲ್ಲ ಅಂತ ಹೇಳುದಿಲ್ಲ. ಆದ್ರೆ ಭಾವ, ಆ ದುಡ್ಡು ಯಾರದ್ದು? ಅಮ್ಮ ತೆಕ್ಕೊಳ್ಳುವ ಸಾಬೂನಿಗೆ ಟ್ಯಾಕ್ಸ್ ಉಂಟು, 2022 ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿ ಒಳಗಿನ ಅಕ್ಕಿ ಚೀಲಕ್ಕೂ 5 ಪರ್ಸೆಂಟ್ ಜಿಎಸ್‌ಟಿ ಹಾಕಿದ್ದಾರೆ, ಅಂದ್ರೆ ರೇಷನ್ ಸಾಕಾಗದೆ ಪೇಟೆಯಿಂದ ಹತ್ತು ಕೆಜಿಯ ಪ್ಯಾಕೆಟ್ ತಂದವನು ಅದಕ್ಕೂ ತೆರಿಗೆ ಕಟ್ಟಿಯೇ ತರುದು. ಮತ್ತೆ ಈ ಅಕ್ಕಿ 2013ರ ಆಹಾರ ಭದ್ರತಾ ಕಾನೂನಿನ ಪ್ರಕಾರ ಬರುದು, ಪಾರ್ಲಿಮೆಂಟಲ್ಲಿ ಪಾಸಾದ ಕಾನೂನು. ಕಾನೂನಿನ ಪ್ರಕಾರ ನನಗೆ ಬರ್ಬೇಕಾದ್ದನ್ನು ಯಾರೋ ದಾನ ಕೊಟ್ಟ ಹಾಗೆ ನಾನು ಕೈಮುಗಿದು ತೆಕ್ಕೊಳ್ಬೇಕಾ? ಅಮ್ಮನಿಗೆ ಪೆನ್ಷನ್ ಕೊಡುವಾಗ ಪೋಸ್ಟ್‌ಮ್ಯಾನ್ ತನ್ನ ಫೋಟೋ ಕೊಡುದಿಲ್ಲ.

"ಫ್ರೀ ಅಕ್ಕಿ" ಅನ್ನುವ ಮಾತಿನ ಲೆಕ್ಕ ಒಂದು ಸಲ ಸರಿಯಾಗಿ ಹಾಕ್ಬೇಕು, ನಾನು ಅಂಗಡಿಯವರ ಹತ್ರ ಕೂತು ಬಿಲ್ಲಿನ ಹಿಂದೆ ಬರೆದು ನೋಡಿದ್ದೇನೆ. ಕೊರೋನ ಕಾಲದಲ್ಲಿ 2020 ಏಪ್ರಿಲಿಂದ ಕಾನೂನಿನ 5 ಕೆಜಿ ಅಲ್ಲದೆ ಒಬ್ಬೊಬ್ಬರಿಗೆ ಇನ್ನೊಂದು 5 ಕೆಜಿ ಧಾನ್ಯ ಫ್ರೀಯಾಗಿ ಬರ್ತಿತ್ತು. ನಡುವೆ ಕೆಲವು ತಿಂಗಳು ನಿಂತಿತ್ತು, ಆದ್ರೆ 2022 ಡಿಸೆಂಬರಿಗೆ ಪೂರ್ತಿ ನಿಲ್ಲಿಸಿದ್ರು. 2023 ಜನವರಿಯಿಂದ ಆ ಹೆಚ್ಚುವರಿ ಹೋಯ್ತು, ಬದಲಿಗೆ ಕಾನೂನಿನ 5 ಕೆಜಿಯನ್ನು ಪೂರ್ತಿ ಫ್ರೀ ಅಂತ ಮಾಡಿದ್ರು, 2024 ಜನವರಿಯಿಂದ ಐದು ವರ್ಷಕ್ಕೆ ಮುಂದುವರಿಸಿದ್ರು. ಈಗ ನಮ್ಮ ಐದು ಜನರ ಮನೆ ನೋಡಿ. ಮೊದಲು ತಿಂಗಳಿಗೆ 50 ಕೆಜಿ, ಆಮೇಲೆ 25 ಕೆಜಿ. ಕಾನೂನಲ್ಲಿ ಅಕ್ಕಿಗೆ ಕೆಜಿಗೆ ಹೆಚ್ಚಂದ್ರೆ 3 ರೂಪಾಯಿ, ಅಂದ್ರೆ ಫ್ರೀ ಆದದ್ದರಿಂದ ನಮಗೆ ಉಳಿದದ್ದು ತಿಂಗಳಿಗೆ 75 ರೂಪಾಯಿ ಒಳಗೆ. ಕಳ್ಕೊಂಡ 25 ಕೆಜಿಯನ್ನು ಪೇಟೆಯಿಂದ ತರ್ಬೇಕಾದ್ರೆ ಕೆಜಿಗೆ 40 ರೂಪಾಯಿ ಅಂತ ಹಿಡಿದ್ರೂ 1000 ರೂಪಾಯಿ. ಕೊರೋನದ್ದು ಶಾಶ್ವತ ಅಲ್ಲ, ಒಂದು ದಿನ ನಿಲ್ಲಿಸ್ಲೇಬೇಕು ಅಂತ ಹೇಳಿದ್ರೆ ಅದೊಂದು ವಾದ, ಅದನ್ನು ಧೈರ್ಯವಾಗಿ ಹೇಳ್ಬಹುದಿತ್ತು. ಆದ್ರೆ ಅರ್ಧಕ್ಕರ್ಧ ಕಡಿಮೆ ಮಾಡಿದ ಜನವರಿಯಲ್ಲಿಯೇ "80 ಕೋಟಿ ಜನರಿಗೆ ಉಚಿತ ಧಾನ್ಯ" ಅಂತ ಜಾಹೀರಾತು ಮಾಡುದು ಉಂಟಲ್ಲ, ಅದು ನಮ್ಮ ಅಮ್ಮನಂಥವರ ಲೆಕ್ಕಕ್ಕೆ ಮಾಡಿದ ಅವಮಾನ ಅಂತಲೇ ನನಗೆ ಅನಿಸಿದ್ದು. ಯೋಜನೆಯ ಹೆಸರೂ "ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನಾ", ನಮ್ಮ ಕ್ಯೂವಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಮರಾಟಿ, ಕೊಂಕಣಿ ಎಲ್ಲ ಉಂಟು, ಈ ಹೆಸರನ್ನು ಒಂದೇ ಉಸಿರಲ್ಲಿ ಹೇಳುವವರು ಒಬ್ಬರೂ ಇಲ್ಲ.

ಗಡಿಯ ಆಚೆಯ ಕಥೆ ಇನ್ನೂ ಬೇಜಾರಿನದ್ದು. ನನ್ನ ಅಕ್ಕನನ್ನು ವಿಟ್ಲದ ಹತ್ರ ಕೊಟ್ಟದ್ದು, ಅವಳದ್ದು ಕರ್ನಾಟಕದ ಕಾರ್ಡ್. ಅಲ್ಲಿ 2023ರಲ್ಲಿ ಸಿದ್ದರಾಮಯ್ಯ ಸರಕಾರ ಅನ್ನಭಾಗ್ಯದಲ್ಲಿ ಒಬ್ಬರಿಗೆ ಇನ್ನೂ 5 ಕೆಜಿ ಹೆಚ್ಚು ಕೊಡ್ತೇವೆ, ಕೆಜಿಗೆ 34 ರೂಪಾಯಿ ಕೊಟ್ಟು ಕೇಂದ್ರದ ಆಹಾರ ನಿಗಮ ಎಫ್‌ಸಿಐಯಿಂದ ತೆಕ್ಕೊಳ್ತೇವೆ ಅಂತ ಹೊರಟಿತು. ಆ ಜೂನಲ್ಲಿಯೇ ಕೇಂದ್ರ ಓಪನ್ ಮಾರ್ಕೆಟ್ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುದನ್ನು ನಿಲ್ಲಿಸಿತು, ಬೆಲೆ ಏರಿಕೆ ತಡೀಲಿಕ್ಕೆ ಸ್ಟಾಕ್ ಬೇಕು ಅಂತ ಕಾರಣ ಹೇಳಿದ್ರು. ಅಕ್ಕನಿಗೆ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. ಸರಿ, ಸ್ಟಾಕ್ ಇಲ್ಲದಿದ್ರೆ ಇಲ್ಲ. ಆದ್ರೆ 2024 ಫೆಬ್ರವರಿ 6ಕ್ಕೆ ಅದೇ ಕೇಂದ್ರ "ಭಾರತ್ ರೈಸ್" ಅಂತ 5 ಮತ್ತು 10 ಕೆಜಿ ಚೀಲದಲ್ಲಿ ಕೆಜಿಗೆ 29 ರೂಪಾಯಿಗೆ ವ್ಯಾನಲ್ಲಿ ಮಾರ್ಲಿಕ್ಕೆ ಶುರು ಮಾಡಿತು. ನಮಗೂ ದಕ್ಷಿಣ ಕನ್ನಡಕ್ಕೂ ಓಟು ಏಪ್ರಿಲ್ 26ಕ್ಕೆ! 34 ರೂಪಾಯಿ ಕೊಡ್ತೇನೆ ಅಂದ ರಾಜ್ಯಕ್ಕೆ ಇಲ್ಲ, ರಸ್ತೆ ಬದಿಯಲ್ಲಿ 29ಕ್ಕೆ ಉಂಟು. ಅಕ್ಕ ಒಂದು ಚೀಲ ತೆಕ್ಕೊಂಡಿದ್ಲು, ಅಕ್ಕಿಗೆ ದೋಷ ಹೇಳ್ಲಿಕ್ಕಿಲ್ಲ, ಬೆಳ್ತಿಗೆ, ದೋಸೆಗೆ ಆಯ್ತು. ಅಕ್ಕಿಯ ಮೇಲೆ ನನಗೆ ಸಿಟ್ಟಿಲ್ಲ, ರೇಷನ್ ಅಂಗಡಿಯ ಮೂಲಕ ಕಾರ್ಡ್ ನೋಡಿ ಬಡವನ ಮನೆಗೆ ಮುಟ್ಟಬೇಕಾದ್ದನ್ನು ವ್ಯಾನಿಗೆ ಹಾಕಿ ಸಿಕ್ಕಿದವರಿಗೆ ಸಿಕ್ಕಿತು ಅಂತ ಮಾಡಿದ್ರಲ್ಲ, ಅದಕ್ಕೆ ಸಿಟ್ಟು.

ನಮ್ಮವರದ್ದೂ ತಪ್ಪು ಉಂಟು, ಅದನ್ನು ಮುಚ್ಚಿಟ್ಟು ಬರಿಯುದು ಸರಿಯಲ್ಲ. 2021ರ ಚುನಾವಣೆಗೆ ಮುಂಚೆ ರಾಜ್ಯ ಸರಕಾರ ಫ್ರೀಯಾಗಿ ಕೊಟ್ಟ ದಿನಸಿ ಸಾಮಾನಿನ ಕಿಟ್ಟನ್ನು ಎಡಪಕ್ಷದವರೂ ಪ್ರಚಾರಕ್ಕೆ ಉಪಯೋಗಿಸಿದ್ರು, ಮನೆಗೆ ಬಂದವರು "ಕಿಟ್ ಸಿಕ್ಕಿತಲ್ಲ ಅಕ್ಕ" ಅಂತ ಕೇಳಿದಾಗ ನನಗೆ ಹಿಡಿಸ್ಲಿಲ್ಲ, ಮುಖಕ್ಕೇ ಹೇಳಿದ್ದೇನೆ. 2024 ಫೆಬ್ರವರಿಯಲ್ಲಿ ರಾಜ್ಯ ಸರಕಾರದ ದಿನಸಿ ಅಂಗಡಿ ಸಪ್ಲೈಕೋದಲ್ಲಿ ಸಬ್ಸಿಡಿಯ 13 ಸಾಮಾನಿನ ರೇಟು ಏರಿಸಿದ್ದೂ ನಮ್ಮ ಸರಕಾರವೇ. ಕನ್ನಡದಲ್ಲಿ ಬಿಲ್ ಕೊಡದ್ದೂ ಕೇಂದ್ರದ ತಪ್ಪಲ್ಲ.

ಆದ್ರೆ ಇಲ್ಲಿ ಗಡಿಯಲ್ಲಿ ಇನ್ನೊಂದು ಪ್ರಚಾರ ನಡೀತದೆ, ಕನ್ನಡಿಗರು ಅಂದ ಮೇಲೆ ತಾವರೆಗೇ ಓಟು ಹಾಕ್ಬೇಕು ಅಂತ. ಮಂಜೇಶ್ವರದಲ್ಲಿ 2016ರಲ್ಲಿ ಅವರು ಸೋತದ್ದು ಬರೀ 89 ಓಟಿಗೆ, ನಾವು ಮೂರನೇ ಸ್ಥಾನ, ಹಾಗಾಗಿ ಒಂದೊಂದು ಮನೆಯ ಹಿಂದೆಯೂ ಬೀಳ್ತಾರೆ. ಭಾಷೆ ಹೆಸರಲ್ಲಿ ಬರುವವರಿಗೆ ನಾನು 2020 ಮಾರ್ಚ್ ನೆನಪು ಮಾಡುದು. ಆಗ ಬೆಂಗಳೂರಲ್ಲಿದ್ದದ್ದು ಅವರದ್ದೇ ಸರಕಾರ, ತಲಪಾಡಿಯಲ್ಲಿ ರಸ್ತೆ ಬಂದ್, ಒಳದಾರಿಗಳಿಗೆ ಮಣ್ಣು ಸುರಿದ್ರು, ಮಂಗ್ಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ರು. ಕನ್ನಡ ಮಾತಾಡುವವನ ಆಂಬ್ಯುಲೆನ್ಸಿಗೆ ಅಂತ ಪ್ರತ್ಯೇಕ ದಾರಿ ಬಿಟ್ಟಿರ್ಲಿಲ್ಲ ಆವತ್ತು. ಮರು ತಿಂಗಳು ಏಪ್ರಿಲಲ್ಲಿ ನಮ್ಮ ಹೊಟ್ಟೆ ತುಂಬಿಸಿದ್ದು ಈ ಹಂಚಿನ ಮಾಡಿನ ಕೋಣೆ, ಎಲ್ಲ ಬಣ್ಣದ ಕಾರ್ಡಿಗೂ ಫ್ರೀ ಅಕ್ಕಿ, ಜಗಲಿಯಲ್ಲಿ ಸುಣ್ಣದ ವೃತ್ತ ಹಾಕಿ ಅಂಗಡಿಯವರು ಬೆಳಿಗ್ಗೆಯಿಂದ ನಿಂತೇ ಇದ್ರು.

ಕಡಿಮೆ ಮಾಡಿದ ಅರ್ಧ ಸ್ಟಾರು ಮೆಷಿನಿಗೆ. ಅಮ್ಮನ ಬೆರಳು ನಲುವತ್ತು ವರ್ಷ ಬೀಡಿ ಎಲೆ ಸುತ್ತಿ ಸವೆದದ್ದು, ಬೆರಳು ಒತ್ತಿ ಬಿಲ್ ಮಾಡುವ ಇ-ಪೋಸ್ ಮೆಷಿನ್ ಅದನ್ನು ಹಿಡಿಯುದೇ ಇಲ್ಲ, ಹತ್ತು ಬೆರಳೂ ಒತ್ತಿ ಆಗದೆ ಓಟಿಪಿಗೆ ಕಾಯ್ಬೇಕು, ಅಲ್ಲಿ ರೇಂಜ್ ಇಲ್ಲ, ರಸ್ತೆಗೆ ಓಡಿ ಮೊಬೈಲ್ ನೋಡಿ ವಾಪಸ್ ಬರುವಾಗ ಟೈಮ್ ಮುಗೀತದೆ. 2024 ಮಾರ್ಚಲ್ಲಿ ಮಸ್ಟರಿಂಗ್ ಅಂತ ಮನೆಯ ಎಲ್ಲರೂ ಬಂದು ಬೆರಳು ಒತ್ತಬೇಕು ಅಂದಾಗ ಸರ್ವರ್ ತಡೀಲಿಲ್ಲ, ನಿಲ್ಲಿಸಿ ಪುನಃ ಶುರು ಮಾಡಿದ್ರು. ಕೂಲಿ ಬಿಟ್ಟು ಬಂದವರು ವಾಪಸ್ ಹೋದ್ರು, ಆ ದಿನದ ಕೂಲಿ ಯಾರೂ ಕೊಡ್ಲಿಲ್ಲ. ಮಲಗಿದಲ್ಲಿಯೇ ಇರುವ ನಮ್ಮ ನೆರೆಮನೆ ಅಜ್ಜನ ಹತ್ರಕ್ಕೆ ಅಂಗಡಿಯವರೇ ಮೆಷಿನ್ ಹಿಡ್ಕೊಂಡು ಗುಡ್ಡೆ ಹತ್ತಿ ಬಂದಿದ್ರು. ಮತ್ತೆ ಹೊಸ ಕಾರ್ಡಿನ ವಿಷಯ, ಕೇಂದ್ರದ ಲೆಕ್ಕ ಈ ಕಾನೂನಿಗೆ 2011ರ ಜನಗಣತಿಯಲ್ಲೇ ನಿಂತದ್ದು, 2021ರದ್ದು ಹೊತ್ತಿಗೆ ಆಗ್ಲೇ ಇಲ್ಲ, ಕೇರಳಕ್ಕೆ 1 ಕೋಟಿ 54 ಲಕ್ಷ ಜನ ಅಂತ ಗೆರೆ ಎಳೆದು ಇಟ್ಟಿದ್ದಾರೆ. ನಮ್ಮ ಬೈಲಲ್ಲಿ ಮದುವೆಯಾಗಿ ಬೇರೆ ಮನೆ ಮಾಡಿದ ಒಂದು ಹುಡುಗಿಗೆ ಎರಡು ಮಕ್ಕಳು, ಗಂಡ ಕೂಲಿ, ಕಾರ್ಡ್ ಬಿಳಿ, ಅಂದ್ರೆ ಆದ್ಯತೆ ಇಲ್ಲದ್ದು. ಪಿಂಕ್ ಆಗ್ಬೇಕಾದ್ರೆ ಇನ್ನೊಬ್ಬರ ಪಿಂಕ್ ಹೋಗ್ಬೇಕು. ಅವಳು ತಿಂಗಳು ತಿಂಗಳು ಬಂದು ಹಲಗೆ ನೋಡಿ, ಬಿಳಿ ಕಾರ್ಡಿಗೆ ಇದ್ದಷ್ಟು ತೆಕ್ಕೊಂಡು ಹೋಗುದನ್ನು ನಾನು ನೋಡ್ತೇನೆ.

ಹೋಗುವವರಿಗೆ: ತಿಂಗಳ ಕೊನೆಗೆ ರಶ್ಶು, ಎರಡನೇ ವಾರ ಬೆಳಿಗ್ಗೆ ಹೋದ್ರೆ ಬೇಗ ಆಗ್ತದೆ. ಕುಚ್ಚಿಲು ಬಂದದ್ದು ಹಲಗೆಯಲ್ಲಿ ಮೇಲಿನ ಸಾಲಲ್ಲಿಯೇ ಬರೆದಿರ್ತಾರೆ. ಬಂಗಾಳದಿಂದ ಕೆಲಸಕ್ಕೆ ಬಂದವರು ಅವರ ಊರಿನ ಕಾರ್ಡಲ್ಲೇ ಇಲ್ಲಿ ತೆಕ್ಕೊಳ್ಬಹುದು, ಅದು ಒಳ್ಳೆ ವ್ಯವಸ್ಥೆ, ಭಾಷೆ ಬಾರದಿದ್ರೂ ಅಂಗಡಿಯವರು ಮಾಡಿ ಕೊಡ್ತಾರೆ. ಚೀಲ ನೀವೇ ತೆಕ್ಕೊಂಡು ಹೋಗ್ಬೇಕು. ಮರೆತು ಬಂದವರಿಗೆ ಅಂತ ಹಳೆ ಲುಂಗಿಯಲ್ಲಿ ನಾನು ಹೊಲಿದು ಕೊಟ್ಟ ನಾಲ್ಕು ಚೀಲ ಬಾಗಿಲ ಹಿಂದೆ ಮೊಳೆಗೆ ನೇತಾಡ್ತದೆ, ತೆಕ್ಕೊಂಡು ಹೋಗಿ, ಮುಂದಿನ ತಿಂಗಳು ವಾಪಸ್ ತಂದಿಡಿ.