ಅಂಗಡಿ ಆ್ಯಪ್, ಆಫರ್ ಕೋಡ್, ಕ್ಯಾಶ್‌ಬ್ಯಾಕ್: ದಿನಸಿಗೆ ಯಾವ ಕೂಪನ್ ಗಿಟ್ಟುತ್ತದೆ?

ದಿನಸಿಗೆ ಸಿಗುವ ಡಿಜಿಟಲ್ ಕೂಪನ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು ಬಗೆ. ಅಂಗಡಿಯ ಆ್ಯಪ್ ತೆರೆದು ಬಿಲ್ಲಿಗೆ ಮೊದಲೇ ಒತ್ತಿ ಖಾತೆಗೆ ಸೇರಿಸಿಕೊಳ್ಳುವ ಕೂಪನ್ ಒಂದು. ಆನ್‌ಲೈನ್ ಆರ್ಡರಿನಲ್ಲಿ ಹಣ ಕಟ್ಟುವ ಮುಂಚೆ ಹಾಕುವ ಕೋಡ್ ಇನ್ನೊಂದು. ಸಾಮಾನು ಮನೆಗೆ ಬಂದ ಮೇಲೆ ಬಿಲ್ಲಿನ ಫೋಟೊ ಕಳಿಸಿ ಪಡೆಯುವ ಕ್ಯಾಶ್‌ಬ್ಯಾಕ್ ಮೂರನೆಯದು. ದಪ್ಪಕ್ಷರದ ಶೇಕಡಾ ನೋಡಿ ಇವನ್ನು ಹೋಲಿಸಿದರೆ ಕೋಡೇ ಗೆದ್ದಂತೆ ಕಾಣುತ್ತದೆ. ಒಂದೇ ದಿನಸಿ ಚೀಟಿಯನ್ನು ಮೂರಕ್ಕೂ ಹಚ್ಚಿ ನೋಡಿದರೆ ಕಥೆ ಬೇರೆ.

ಹತ್ತು ಸಾಮಾನು, ಒಟ್ಟು 1000 ಅಂತಿಟ್ಟುಕೊಳ್ಳಿ. ಯಾವ ದೇಶದ ಹಣವಾದರೂ ಲೆಕ್ಕ ಅದೇ. ಅಂಗಡಿ ಆ್ಯಪ್‌ನಲ್ಲಿ ಈ ಹತ್ತರಲ್ಲಿ ಮೂರಕ್ಕೆ ಮಾತ್ರ ಕೂಪನ್ ಇದೆ: 20, 15, 25. ಉಳಿತಾಯ 60. ಕೋಡ್ ಹೇಳುವುದು 20% ರಿಯಾಯಿತಿ, ಆದರೆ ಅದರ ಕೆಳಗೇ ಚಿಕ್ಕದಾಗಿ ‘ಗರಿಷ್ಠ 100’ ಅಂತಿದೆ. ಡೆಲಿವರಿಗೆ 40, ಹ್ಯಾಂಡ್ಲಿಂಗ್‌ಗೆ 10 ಹೋದರೆ ಕೈಗೆ ಉಳಿಯುವುದು 50. ಕ್ಯಾಶ್‌ಬ್ಯಾಕ್ ಎರಡು ಸಾಮಾನಿಗೆ 30 ಮತ್ತು 20, ಅಲ್ಲಿಗೆ 50. ಆದರೆ 250 ಆಗುವವರೆಗೆ ಹಣ ತೆಗೆಯುವಂತಿಲ್ಲ ಅನ್ನುವ ಷರತ್ತಿದ್ದರೆ ಇಂಥ ಐದು ಬಿಲ್ ಆಗಬೇಕು. 20% ಅಂತ ಕೂಗಿದ ಕೋಡ್ ಕೊನೆಗೆ 5%ಕ್ಕೆ ಇಳಿಯಿತು. ಸದ್ದಿಲ್ಲದ ಆ್ಯಪ್ ಕೂಪನ್ 6% ಕೊಟ್ಟಿತು.

ಆ್ಯಪ್ ಕೂಪನ್ನಿನ ತೊಂದರೆ ಇರುವುದು ಹೊಂದಾಣಿಕೆಯಲ್ಲಿ. ಅದು ಕಂಪನಿಯ ಹೆಸರು ನೋಡುವುದಿಲ್ಲ, ಬಾರ್‌ಕೋಡ್ ನೋಡುತ್ತದೆ. ಒಂದೇ ಸಾಬೂನಿನ ಇನ್ನೊಂದು ಪರಿಮಳ, ಇನ್ನೊಂದು ಗಾತ್ರ, ನಾಲ್ಕರ ಕಟ್ಟು, ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ. ಕೂಪನ್ ಚಿತ್ರದಲ್ಲಿ ಕಂಡ ಪೊಟ್ಟಣವನ್ನೇ ಹಿಡಿದುಕೊಂಡೆವು ಅಂದುಕೊಂಡರೂ ತೂಕ ಬೇರೆಯಾದರೆ ರಿಯಾಯಿತಿ ಇಳಿಯುವುದಿಲ್ಲ. ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯ ಇದ್ದರೆ ಕಪಾಟಿನ ಮುಂದೆಯೇ ಸ್ಕ್ಯಾನ್ ಮಾಡಿ ನೋಡುವುದು ಜಾಣತನ. ಕೌಂಟರಿನಲ್ಲಿ ಹಿಂದೆ ಸಾಲು ನಿಂತಾಗ ಇದನ್ನು ಬಿಡಿಸಲು ಯಾರಿಗೂ ವ್ಯವಧಾನ ಇರುವುದಿಲ್ಲ.

‘ಸೇರಿಸಲಾಗಿದೆ’ ಅಂತ ತೋರಿಸಿಯೂ ಬಿಲ್ಲಿನಲ್ಲಿ ಇಳಿಯದಿದ್ದರೆ ಮೊದಲು ನೋಡಬೇಕಾದದ್ದು ಫೋನ್ ನಂಬರ್. ಕೂಪನ್ ಸೇರಿಸಿದ್ದು ಒಬ್ಬರ ಖಾತೆಗೆ, ಕೌಂಟರಿನಲ್ಲಿ ಹೇಳಿದ್ದು ಮನೆಯ ಇನ್ನೊಬ್ಬರ ನಂಬರ್: ತೀರಾ ಮಾಮೂಲು ತಪ್ಪು ಇದು. ಎರಡನೆಯದು, ಬಿಲ್ ಹಾಕುವ ಹೊತ್ತಿನಲ್ಲಿ ಒತ್ತಿದ ಕೂಪನ್ ಅಂಗಡಿಯ ಯಂತ್ರಕ್ಕೆ ಇನ್ನೂ ತಲುಪಿರುವುದಿಲ್ಲ. ಅಂಗಡಿಯೊಳಗೆ ಸಿಗ್ನಲ್ ಕೈಕೊಡುವುದೂ ಉಂಟು. ಆದ್ದರಿಂದ ಹೊರಡುವ ಮುಂಚೆ ಮನೆಯಲ್ಲೇ ಒತ್ತಿ, ಷರತ್ತು ಸಮೇತ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹಾಗೂ ಇಳಿಯದಿದ್ದರೆ ಆ ಸ್ಕ್ರೀನ್‌ಶಾಟ್ ಮತ್ತು ಬಿಲ್ ಹಿಡಿದು ಅದೇ ದಿನ ಕೇಳುವುದು ಮೇಲು, ಕೂಪನ್ ಅವಧಿ ಮುಗಿದ ಮೇಲೆ ಆ್ಯಪ್‌ನಿಂದ ಅದು ಮಾಯವಾಗಿರುತ್ತದೆ.

ಇಂತಿಷ್ಟು ಅಂತ ನಿಗದಿತ ಮೊತ್ತ ಕಡಿಮೆ ಮಾಡುವ ಕೂಪನ್ ಸಿಕ್ಕಾಗ ಪೊಟ್ಟಣದ ಗಾತ್ರದ ಲೆಕ್ಕವೇ ತಲೆಕೆಳಗಾಗುತ್ತದೆ. 200 ಗ್ರಾಂಗೆ 40, 500 ಗ್ರಾಂಗೆ 90 ಇದ್ದರೆ ನೂರು ಗ್ರಾಂಗೆ ಕ್ರಮವಾಗಿ 20 ಮತ್ತು 18. ದೊಡ್ಡದೇ ಅಗ್ಗ. ಎರಡಕ್ಕೂ ಅನ್ವಯಿಸುವ 10ರ ಕೂಪನ್ ಬಂತೆನ್ನಿ. ಈಗ ಚಿಕ್ಕದು 30, ಅಂದರೆ ನೂರು ಗ್ರಾಂಗೆ 15. ದೊಡ್ಡದು 80, ನೂರು ಗ್ರಾಂಗೆ 16. ನಿಗದಿತ ಮೊತ್ತದ ಕೂಪನ್ನನ್ನು ಅದು ಒಪ್ಪುವ ಅತಿ ಚಿಕ್ಕ ಪೊಟ್ಟಣದ ಮೇಲೆ ಹಾಕಿ ನೋಡದೆ ಬಿಡಬಾರದು. ಶೇಕಡಾ ಲೆಕ್ಕದ ಕೂಪನ್ನಿನಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಮೊದಲು ಅಗ್ಗವಾಗಿದ್ದದ್ದೇ ಆಮೇಲೂ ಅಗ್ಗ.

ಇನ್ನು ಕೋಡ್. ಇದರಲ್ಲಿ ಓದಬೇಕಾದದ್ದು ಎರಡೇ ಸಂಖ್ಯೆ, ಕನಿಷ್ಠ ಆರ್ಡರ್ ಮತ್ತು ಗರಿಷ್ಠ ರಿಯಾಯಿತಿ. ಗರಿಷ್ಠವನ್ನು ಶೇಕಡಾದಿಂದ ಭಾಗಿಸಿದರೆ ಎಷ್ಟರ ಆರ್ಡರ್ ಲಾಭ ಅನ್ನುವುದು ಸಿಗುತ್ತದೆ. 20%, ಗರಿಷ್ಠ 100 ಅಂದರೆ 100 ÷ 0.20 = 500. ಅದಕ್ಕಿಂತ ಮೇಲೆ ಹಾಕಿದ ಪ್ರತಿ ಸಾಮಾನಿಗೂ ಪೂರ್ತಿ ಬೆಲೆಯೇ. ಕೋಡ್ ಎರಡು ಸಲ ನಡೆಯುವಂತಿದ್ದರೆ ಮೇಲಿನ ಚೀಟಿಯನ್ನು 500ರ ಎರಡು ಆರ್ಡರ್ ಮಾಡಿ 200 ಇಳಿಸಬಹುದು. ಡೆಲಿವರಿ, ಹ್ಯಾಂಡ್ಲಿಂಗ್ ಎರಡು ಸಲ ಕಟ್ಟಿದರೂ 100 ಉಳಿಯುತ್ತದೆ. ಆಗ ಮಾತ್ರ ಕೋಡ್ ಆ್ಯಪ್ ಕೂಪನ್ನನ್ನು ಹಿಂದೆ ಹಾಕುತ್ತದೆ. ಆದರೆ ‘ಒಂದು ಖಾತೆಗೆ ಒಂದೇ ಸಲ’ ಅನ್ನುವ ಷರತ್ತೇ ಹೆಚ್ಚು.

ಕನಿಷ್ಠ ಮೊತ್ತ ಮುಟ್ಟಿಸಲು ಸಾಮಾನು ತುಂಬುವುದರಲ್ಲಿ ಜೇಬು ಹಗುರಾಗುತ್ತದೆ. ಬೇಕಾದದ್ದು 700ರಷ್ಟು, ಕೋಡ್ 1000ಕ್ಕೆ 150 ಬಿಡುತ್ತದೆ ಅನ್ನೋಣ. 300ರ ಸಾಮಾನು ಸೇರಿಸಿದರೆ ಕಟ್ಟುವುದು 850, ಅಂದರೆ ಮೊದಲಿಗಿಂತ 150 ಜಾಸ್ತಿಯೇ. ಆ 300ರದ್ದು ಹೇಗೂ ಮುಂದಿನ ತಿಂಗಳು ಬೇಕಾಗುವ, ಕೆಡದ ಸಾಮಾನಾದರೆ ಅರ್ಧ ಬೆಲೆಗೆ ಸಿಕ್ಕಂತೆ. ಬಟ್ಟೆ ಸೋಪಿನ ಪುಡಿ, ಟೂತ್‌ಪೇಸ್ಟ್ ಆದರೆ ಸರಿ. ಎರಡು ವಾರದಲ್ಲಿ ಹಾಳಾಗುವಂಥದ್ದಾದರೆ ಕಸದ ಬುಟ್ಟಿಗೆ ಕೂಪನ್ ಹಾಕಿದಂತೆ.

ಇನ್ನೊಂದು ಕೊಕ್ಕೆ: ಕನಿಷ್ಠ 500 ಇದ್ದು, 510ಕ್ಕೆ ಆರ್ಡರ್ ಮಾಡಿದ ಮೇಲೆ 30ರ ಒಂದು ಸಾಮಾನು ‘ಸ್ಟಾಕ್ ಇಲ್ಲ’ ಅಂತ ತೆಗೆದುಬಿಟ್ಟರೆ ಮೊತ್ತ 480. ಕೆಲವು ಕಡೆ ರಿಯಾಯಿತಿಯನ್ನೂ ಆಗಲೇ ಹಿಂತೆಗೆಯುತ್ತಾರೆ. ಕನಿಷ್ಠಕ್ಕಿಂತ ಸುಮಾರು 10% ಮೇಲಿಟ್ಟುಕೊಂಡು ಆರ್ಡರ್ ಮಾಡಿದರೆ ಈ ಪೇಚು ತಪ್ಪುತ್ತದೆ. ಬದಲಿ ಸಾಮಾನು ಕಳಿಸುವ ಆಯ್ಕೆಯನ್ನೂ ನೋಡಿ. ಬದಲಿಯಾಗಿ ಬಂದದ್ದಕ್ಕೆ ಕೂಪನ್ ಹೊಂದದಿದ್ದರೆ ಪೂರ್ತಿ ಬೆಲೆ ಬೀಳುತ್ತದೆ.

ಶೇಕಡಾ ಕೋಡ್ ಮತ್ತು ನಿಗದಿತ ಮೊತ್ತದ ಕೂಪನ್ ಎರಡೂ ಒಂದೇ ಬಿಲ್ಲಿಗೆ ನಡೆದರೆ ಯಾವುದು ಮೊದಲು ಅನ್ನುವುದೂ ಮುಖ್ಯ. 500ರಲ್ಲಿ ಮೊದಲು 10% ಕಳೆದು ಆಮೇಲೆ 50 ಕಳೆದರೆ 400. ಮೊದಲು 50 ಕಳೆದು ಆಮೇಲೆ 10% ಕಳೆದರೆ 405. ಕ್ರಮ ನಮ್ಮ ಕೈಯಲ್ಲಿರುವುದು ಅಪರೂಪ, ಆದರೂ ಬಿಲ್ ತಾಳೆ ನೋಡುವಾಗ ಆ 5 ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳಬೇಕಿಲ್ಲ.

ಕ್ಯಾಶ್‌ಬ್ಯಾಕ್ ಒಂದನ್ನೇ ನೆಚ್ಚಿಕೊಂಡು ಅಂಗಡಿಗೆ ಹೋಗುವುದು ನಮ್ಮ ಪ್ರಕಾರ ವ್ಯರ್ಥ ಓಡಾಟ. ಅದು ಒಗ್ಗರಣೆಯಿದ್ದಂತೆ, ಅಡುಗೆಯಲ್ಲ. ಆ್ಯಪ್ ಕೂಪನ್ ಬಳಸಿ ಬಿಲ್ ಹಾಕಿಸಿ, ಅದೇ ಬಿಲ್ಲನ್ನು ಕ್ಯಾಶ್‌ಬ್ಯಾಕಿಗೂ ಕಳಿಸಿದರೆ ಲಾಭ ಎರಡು ಕಡೆಯಿಂದ: ಮೇಲಿನ ಚೀಟಿಗೆ 60 ತಕ್ಷಣ, 50 ಆಮೇಲೆ. ಈಗಾಗಲೇ ಕೂಪನ್ ಬಿದ್ದ ಸಾಮಾನಿಗೆ ಕೊಡುವುದಿಲ್ಲ ಅನ್ನುವ ಷರತ್ತಿದೆಯೇ ಅನ್ನುವುದನ್ನು ಮಾತ್ರ ಮೊದಲೇ ಓದಿಕೊಳ್ಳಬೇಕು. ನೀವು ಏನೇನು ತಿನ್ನುತ್ತೀರಿ, ಯಾವಾಗ ಕೊಳ್ಳುತ್ತೀರಿ ಅನ್ನುವ ಪೂರ್ತಿ ಪಟ್ಟಿ ಆ ಬಿಲ್ಲಿನ ಜೊತೆಗೇ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಫೋಟೊ ತಿರಸ್ಕಾರವಾಗುವುದು ಸಾಮಾನ್ಯವಾಗಿ ಅಂಗಡಿ ಹೆಸರು, ದಿನಾಂಕ, ಸಮಯ, ಒಟ್ಟು ಮೊತ್ತ ಇವುಗಳಲ್ಲಿ ಒಂದು ಕಾಣದಿದ್ದಾಗ. ಬಿಲ್ಲನ್ನು ಗಾಢ ಬಣ್ಣದ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ನಾಲ್ಕೂ ಮೂಲೆ ಸಿಗುವಂತೆ ತೆಗೆಯಿರಿ. ಉದ್ದದ ಬಿಲ್ಲಾದರೆ ಎರಡು ಮೂರು ಫೋಟೊ ಮಾಡಿ, ಒಂದರ ಕೊನೆಯ ಎರಡು ಸಾಲು ಮುಂದಿನದರಲ್ಲೂ ಬರಲಿ. ಮಡಿಕೆ ಬೀಳುವುದಿದ್ದರೆ ಬೆಲೆಯ ಸಾಲಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಹಳಷ್ಟು ಅಂಗಡಿ ಬಿಲ್ಲುಗಳು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಅಚ್ಚಾಗುತ್ತವೆ, ಶಾಯಿ ಇರುವುದಿಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಕಾಗದವೇ ಕಪ್ಪಾಗಿ ಅಕ್ಷರ ಮುಳುಗುತ್ತದೆ, ಎಣ್ಣೆ ಕೈ ತಗುಲಿದರೆ ಅಕ್ಷರ ಮಾಸುತ್ತದೆ, ಸ್ಯಾನಿಟೈಜರ್ ತಗುಲಿದರೂ ಓದಲಾಗದಂತೆ ಕೆಡಬಹುದು. ಹಾಗಾಗಿ ಚೀಲ ಬಿಚ್ಚುವ ಮುಂಚೆಯೇ ಫೋಟೊ ತೆಗೆದುಬಿಡಿ.