ಶೆಲ್ಫ್ ಮೇಲಿನ ಡಿಜಿಟಲ್ ಬೆಲೆ ನೋಡಿ ಸುಮ್ನೆ ಬಿಲ್ ಕಟ್ಟಬೇಡಿ

ಸೂಪರ್‌ಮಾರ್ಕೆಟ್‌ಗಳಲ್ಲಿ ಕಾಗದದ ಚೀಟಿ ತೆಗೆದು ಪುಟ್ಟ ಡಿಜಿಟಲ್ ಲೇಬಲ್ ಹಾಕುತ್ತಿದ್ದಾರೆ ಅಲ್ವಾ, ಅದರಲ್ಲಿ ಕಂಡ ಬೆಲೆಯೇ ಬಿಲ್‌ನಲ್ಲೂ ಬರುತ್ತದೆ ಅಂತ ದಯವಿಟ್ಟು ನಂಬಬೇಡಿ.

ಲೇಬಲ್‌ನಲ್ಲಿ ಆಫರ್ ಬೆಲೆ ಇದೆ ಅಂತಲೇ ನಾನು ಆ ಸಾಮಾನು ತೆಗೆದುಕೊಂಡಿದ್ದು. ಬಿಲ್‌ನಲ್ಲಿ ಪೂರ್ತಿ ಬೆಲೆ ಬಿತ್ತು. ಕೌಂಟರ್‌ನವರನ್ನು ಕೇಳಿದರೆ "ಸಿಸ್ಟಮ್‌ನಲ್ಲಿ ಇರೋದೇ ಇದು" ಎಂದರು. ಬನ್ನಿ ತೋರಿಸುತ್ತೇನೆ ಅಂತ ಅವರನ್ನು ಕರೆದುಕೊಂಡು ಹೋದರೆ ಅಷ್ಟರಲ್ಲಿ ಲೇಬಲ್ಲೇ ಬದಲಾಗಿತ್ತು, ಅಲ್ಲೂ ಪೂರ್ತಿ ಬೆಲೆ! ನಾನೇ ಸುಳ್ಳು ಹೇಳುತ್ತಿದ್ದೇನೆ ಅನ್ನುವ ಹಾಗೆ ನೋಡಿದರು. ಕಾಗದದ ಚೀಟಿ ಆಗಿದ್ದರೆ ಅಲ್ಲೇ ಇರುತ್ತಿತ್ತು, ತೋರಿಸಬಹುದಿತ್ತು.

ಲೇಬಲ್‌ಗೆ ಬೆಲೆ ಬರುವುದು ವೈರ್‌ಲೆಸ್ ಮೂಲಕ. ಬಿಲ್ಲಿಂಗ್ ಮಿಷನ್‌ಗೆ ಬೇರೆ ದಾರಿಯಲ್ಲಿ ಬರುತ್ತದೆ. ಒಂದು ಬೇಗ ಬದಲಾಗಿ ಇನ್ನೊಂದು ತಡವಾದರೆ ಆ ಹೊತ್ತಿನಲ್ಲಿ ಎರಡು ಕಡೆ ಎರಡು ಬೆಲೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇಂಥ ಬಹಳಷ್ಟು ಲೇಬಲ್‌ಗಳದ್ದು ಇ-ಪೇಪರ್ ಸ್ಕ್ರೀನ್, ಅಂದರೆ ಕಾಗದದ ಮೇಲೆ ಅಚ್ಚು ಹಾಕಿದ ಹಾಗೆ ಅಕ್ಷರ ನಿಲ್ಲುವ ಪರದೆ, ಅಕ್ಷರ ಬದಲಾಗುವಾಗ ಮಾತ್ರ ಅದಕ್ಕೆ ಕರೆಂಟ್ ಬೇಕು, ಅದಕ್ಕೇ ಒಂದು ಚಿಕ್ಕ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಆದರೆ ಬ್ಯಾಟರಿ ಮುಗಿದರೂ, ಸಿಗ್ನಲ್ ಸಿಗದೇ ಹೋದರೂ ಹಳೇ ಬೆಲೆ ಅಳಿಸಿಹೋಗದೆ ಹಾಗೇ ನಿಂತಿರುತ್ತದೆ. ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ.

ಇದು ಕಡಿಮೆಯಾಗುವ ವಿಷಯವೂ ಅಲ್ಲ. ಅಮೆರಿಕದ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ ವಾಲ್‌ಮಾರ್ಟ್ ಒಂದೇ 2026ರ ಹೊತ್ತಿಗೆ 2,300 ಅಂಗಡಿಗಳಲ್ಲಿ ಇವನ್ನು ಹಾಕುವುದಾಗಿ 2024ರಲ್ಲಿ ಹೇಳಿತ್ತು.

ಹಾಗಾಗಿ ಆಫರ್ ನೋಡಿ ಏನಾದರೂ ತೆಗೆದುಕೊಳ್ಳುವಾಗ ಅಲ್ಲೇ ಒಂದು ಫೋಟೋ ತೆಗೆಯಿರಿ, ಲೇಬಲ್ ಮತ್ತು ಸಾಮಾನು ಎರಡೂ ಒಂದೇ ಫೋಟೋದಲ್ಲಿ ಬರಲಿ. ಫೋಟೋ ತೆಗೆದ ಸಮಯ ಫೋನ್‌ನಲ್ಲೇ ಉಳಿಯುತ್ತದೆ. ಲೇಬಲ್ ಮೇಲೆ ಬರೆದ ಹೆಸರು, ತೂಕ ನಿಮ್ಮ ಕೈಯಲ್ಲಿರುವ ಪ್ಯಾಕ್‌ನದ್ದೇನಾ ನೋಡಿಕೊಳ್ಳಿ, ಯಾಕೆಂದರೆ ಪಕ್ಕದ ಸಾಮಾನಿನ ಲೇಬಲ್ ಕೆಳಗೆ ಇನ್ನೊಂದನ್ನು ಇಟ್ಟುಬಿಟ್ಟಿರುತ್ತಾರೆ. ಸ್ಕ್ಯಾನ್ ಮಾಡುವಾಗ ಕೌಂಟರ್ ಸ್ಕ್ರೀನ್ ಮೇಲೆ ಕಣ್ಣಿಡಿ, ವ್ಯತ್ಯಾಸ ಕಂಡರೆ ದುಡ್ಡು ಕೊಡುವ ಮುಂಚೆಯೇ ನಿಲ್ಲಿಸಿ ಕೇಳಿ. ಹಿಂದೆ ಕ್ಯೂ ಇದೆ ಅಂತ ಸಂಕೋಚ ಬೇಡ. ವಯಸ್ಸಾದ ಅಪ್ಪ ಅಮ್ಮ ಒಬ್ಬರೇ ಅಂಗಡಿಗೆ ಹೋಗುತ್ತಿದ್ದರೆ ಅವರಿಗೂ ಇದನ್ನು ಒಮ್ಮೆ ತೋರಿಸಿಕೊಡಿ, ಬಿಲ್ ಜೋಪಾನವಾಗಿ ಮನೆಗೆ ತರಲು ಹೇಳಿ.