ನಾಲ್ಕು ಗಾಲಿಯ ವಾಕರ್: ಎಂಟು ತಿಂಗಳು ಬಳಸಿದ ಮೇಲೆ

ಮಾನಸಿಕ ಕಾಯಿಲೆಗಾಗಿ ವರ್ಷಗಟ್ಟಲೆ ಹ್ಯಾಲೊಪೆರಿಡಾಲ್ ನುಂಗಿದ ನಮ್ಮ ಅವ್ವನಿಗೆ ಕೈಕಾಲು ಬಿಗಿದು, ಹೆಜ್ಜೆ ಚಿಕ್ಕದಾಗಿ, ಮುಂದಕ್ಕೆ ಬಾಗಿ ಪಾದ ಎಳೆಯುತ್ತ ನಡೆಯುವಂತಾಯಿತು. ಮೆದುಳಿನಲ್ಲಿ, ಚಲನೆಯನ್ನು ಹತೋಟಿಯಲ್ಲಿಡುವ ರಾಸಾಯನಿಕವಾದ ಡೋಪಮೈನ್‌ನ ಕೆಲಸವನ್ನು ತಡೆಯುವ ಔಷಧಗಳಿಂದ ಪಾರ್ಕಿನ್ಸನ್ ಕಾಯಿಲೆಯಂಥದೇ ಲಕ್ಷಣಗಳು ಬರುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್‌ನಿಂದಲೂ ಬರುವುದುಂಟು. ವೈದ್ಯರು ಮಾತ್ರೆ ಬದಲಿಸಿದರೂ ಬಿಗಿತ ಇಳಿಯಲು ತಿಂಗಳುಗಳೇ ಹಿಡಿಯಬಹುದು ಎಂದಿದ್ದರಿಂದ, ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯೊಂದರಲ್ಲಿ 6,800 ರೂಪಾಯಿ ಕೊಟ್ಟು, ಸೀಟು ಮತ್ತು ಕೈಬ್ರೇಕ್ ಇರುವ ಈ ವಾಕರ್ ತಂದೆವು. ಮೊದಲಿದ್ದ ಗಾಲಿಯಿಲ್ಲದ ವಾಕರನ್ನು ಪ್ರತಿ ಹೆಜ್ಜೆಗೂ ಎತ್ತಬೇಕಿತ್ತು, ಎತ್ತುವಾಗಲೇ ಅವ್ವ ಹಿಂದಕ್ಕೆ ವಾಲುತ್ತಿದ್ದಳು.

ಅಂಗಡಿಯವರು ಎತ್ತರ ಹೊಂದಿಸಲಿಲ್ಲ, ಬ್ರೇಕ್ ನೋಡಲಿಲ್ಲ, ಮಡಿಚಿದ್ದನ್ನು ಮಡಿಚಿದಂತೆಯೇ ಕೈಗಿಟ್ಟರು. ಮರುದಿನ ಮನೆ ಮುಂದಿನ ಇಳಿಜಾರಿನಲ್ಲಿ ಗಾಲಿ ಮುಂದೆ ಓಡಿತು, ಅದರ ಹಿಂದೆ ಅವ್ವನ ಪುಟ್ಟ ಹೆಜ್ಜೆಗಳೂ ಓಡಿದವು. "ಗಾಡಿ ನನ್ನ ಎಳಕೊಂಡು ಹೊಂಟೈತಿ, ಹಿಡಿಯೋ" ಎಂದು ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ, ಇಲ್ಲದಿದ್ದರೆ ಬೀಳುತ್ತಿದ್ದಳು. ಇಂಥ ನಡಿಗೆಯವರಿಗೆ ಒಮ್ಮೆ ವೇಗ ಹೆಚ್ಚಿದರೆ ತಾವಾಗಿ ನಿಲ್ಲುವುದು ಕಷ್ಟ. ಆದ್ದರಿಂದ ಕೊಳ್ಳುವಾಗ ಗಾಲಿಗಿಂತ ಮೊದಲು ಬ್ರೇಕನ್ನೇ ಪರೀಕ್ಷಿಸಬೇಕು. ಹಿಡಿಯ ಬಳಿಯಿರುವ ನಟ್ಟು ತಿರುಗಿಸಿ ಸಡಿಲವಾಗಿದ್ದ ತಂತಿಯನ್ನು ಬಿಗಿ ಮಾಡಿದ ಮೇಲೆ ಎರಡು ಬೆರಳಿನಲ್ಲಿ ಒತ್ತಿದರೂ ಗಾಲಿ ನಿಲ್ಲುತ್ತಿದೆ. ತಂತಿ ಮತ್ತೆ ಸಡಿಲಾಗುತ್ತದೆ, ಹಾಗಾಗಿ ಪ್ರತಿ ಭಾನುವಾರ ನೋಡುತ್ತೇನೆ. ಎತ್ತರವನ್ನು ಫಿಸಿಯೋಥೆರಪಿಸ್ಟ್ ಸರಿ ಮಾಡಿಕೊಟ್ಟರು: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಯು ಮಣಿಕಟ್ಟಿನ ಗೆರೆಗೆ ಬರಬೇಕು. ನಮ್ಮದನ್ನು ಎರಡು ತೂತು ಕೆಳಗಿಳಿಸಬೇಕಾಯಿತು.

ಹಳೆಯ ಮನೆಗಳ ಎತ್ತರದ ಹೊಸ್ತಿಲು ಈ ವಾಕರ್‌ಗೆ ಆಗಿಬರುವುದಿಲ್ಲ. ಅಲ್ಲಿ ಅವ್ವನ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ನೆಲಕ್ಕೆ ಅಡ್ಡಲಾಗಿ ಹಳದಿ ಟೇಪು ಹಚ್ಚಿದ ಮೇಲೆ ಆ ಗೆರೆ ನೋಡಿ ಹೆಜ್ಜೆ ಎತ್ತುತ್ತಾಳೆ, ವಾಕರನ್ನು ನಾವು ದಾಟಿಸುತ್ತೇವೆ. ಬ್ರೇಕ್ ಒತ್ತುವಷ್ಟು ಕೈಬಲ ಇಲ್ಲದವರಿಗೆ, ಒತ್ತಲು ಮರೆಯುವವರಿಗೆ ಇದನ್ನು ಖಂಡಿತ ಕೊಡಿಸಬೇಡಿ. ಹಿಡಿ ಒತ್ತಿದಾಗ ಮಾತ್ರ ಗಾಲಿ ಉರುಳುವ ಮಾದರಿಯೂ ಇದೆ, ಅಂಥದನ್ನು ವೈದ್ಯರಲ್ಲಿ ವಿಚಾರಿಸಿ. ನಡಿಗೆ ಕೆಟ್ಟಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಅಪಾಯ.

ತಪಾಸಣೆಗೆ ಧಾರವಾಡಕ್ಕೆ ಹೋಗುವಾಗ ಇದರ ಉಪಯೋಗ ಚೆನ್ನಾಗಿ ತಿಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನೆಲವೂ ನಿಲ್ದಾಣದ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮೆಟ್ಟಿಲು ಹತ್ತುವ ತೊಂದರೆಯಿಲ್ಲ. ಬಸ್ಸು ಬರುವವರೆಗೆ ಎರಡೂ ಬ್ರೇಕ್ ಲಾಕ್ ಮಾಡಿ, ವಾಕರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅವ್ವ ಅದರ ಸೀಟಿನ ಮೇಲೆಯೇ ಕುಳಿತಿರುತ್ತಾಳೆ.